ಪಾಪದ ಪಾಲುಪತ್ರ

ಸುರಪುರದಲ್ಲಿ ದಸ್ತಾವೇಜು ಬರೆಯುವುದು ನನ್ನ ಕಸುಬು. ಕ್ರಯಪತ್ರ, ಬಾಡಿಗೆ ಕರಾರು, ಅಣ್ಣತಮ್ಮಂದಿರ ವಾಟ್ನಿ ಪತ್ರ, ಇತ್ತೀಚೆಗೆ ಹತ್ತಿ ಅಡತಿ, ಗೊಬ್ಬರದಂಗಡಿಗಳ ಪಾಲುದಾರಿಕೆ ಪತ್ರ. ಹೋದ ಮುಂಗಾರಿನಲ್ಲಿ ನಮ್ಮ ಬೇಡರ ಪೈಕಿಯೇ ಮೂವರು ಹುಡುಗರು ಒಂದು ಹೊಸ ನಮೂನೆಯ ಫರ್ಮು ತೆಗೆಯಬೇಕೆಂದು ಬಂದರು. ಬೇಟೆಯ ಫರ್ಮು. ಒಬ್ಬನದು ಜೀಪು, ಇನ್ನೊಬ್ಬನ ಹತ್ತಿರ ನಾಲ್ಕು ನಾಯಿ, ಮತ್ತೊಬ್ಬನ ಅಪ್ಪನ ಹೆಸರಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಆದ ಬಂದೂಕು. ನಾರಾಯಣಪುರ ಕಾಲುವೆ ಬಂದ ಮೇಲೆ ಭತ್ತದ ಗದ್ದೆಗೆ ನುಗ್ಗುವ ಕಾಡುಹಂದಿ ಹೊಡೆದುಕೊಟ್ಟರೆ ರೈತರು ತಲೆಗಿಷ್ಟು ಕೊಡುತ್ತಾರೆ, ಮಾಂಸ ಧಾಬಾಗಳಿಗೆ ಹೋಗುತ್ತದೆ, ಮುಂದೆ ಹೈದರಾಬಾದಿನ ಸಾಹುಕಾರರನ್ನು ಕರೆತಂದು ರಾತ್ರಿ ಶಿಕಾರಿ ಮಾಡಿಸಬಹುದು. ಲೋಗೊ ಆಗಲೇ ತಯಾರಾಗಿತ್ತು. ಬಿಲ್ಲು, ಬಾಣ, ನಡುವೆ ಹಂದಿಯ ತಲೆ.

ಕಾಯ್ದೆಯ ಮಾತು ಬೇಗ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. 11ನೇ ಕಲಮಿನಲ್ಲಿ ಒಂದು ಸಣ್ಣ ಕಿಂಡಿ ಇದೆ: ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಅದೇ ಹೊಲಕ್ಕೆ ಬರುವ ಕೃಷ್ಣಮೃಗಕ್ಕೆ, ಬೆಳೆ ತಿಂದಿತು ಅನ್ನುವ ಕಾರಣಕ್ಕೆ, ಅದೂ ಇಲ್ಲ. ಸತ್ತ ಪ್ರಾಣಿ ಸರ್ಕಾರದ ಆಸ್ತಿ, ಮಾರುವ ಮಾತೇ ಬರುವುದಿಲ್ಲ. ಕಾಯ್ದೆಗೆ ವಿರುದ್ಧವಾದ ಉದ್ದೇಶಕ್ಕೆ ಮಾಡಿದ ಕರಾರು ಕರಾರೇ ಅಲ್ಲ. ಇಷ್ಟು ಹೇಳಿ ಪೆನ್ನು ಮುಚ್ಚಿದೆ.

ಆಗ ಜೀಪಿನ ಹುಡುಗ ಕೇಳಿದ: "ಕಾಯ್ದೆ ಬಿಡ್ರಿ ಕಾಕಾ, ಅದು ಗೊತ್ತೈತಿ. ಧರ್ಮದ ಮಾತು ಹೇಳ್ರಿ. ಬೇಡರು ಬ್ಯಾಟಿ ಆಡಿದ್ರ ಪಾಪ ಹ್ಯಾಂಗ ಆಗ್ತೈತಿ? ನಮ್ಮ ಹಿರ್ಯಾರು ಇದ್ರಾಗೇ ಬದುಕಿಲ್ಲೇನು?"

ಹಿರಿಯರ ಮಾತಿಗೆ ಉತ್ತರ ಸುಲಭ. ಇಲ್ಲೇ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದ ಕಲ್ಲುಕೊಡಲಿಗಳ ಕಮ್ಮಟ ಸುಮಾರು 12 ಲಕ್ಷ ವರ್ಷ ಹಳೆಯದು. ಆ ಲೆಕ್ಕದಲ್ಲಿ ಹಿರಿಯರು ಅಂದರೆ ನಮ್ಮ ಕುಲವಷ್ಟೇ ಅಲ್ಲ, ನಮ್ಮಂಥ ಮನುಷ್ಯಕುಲವೇ ಇನ್ನೂ ಹುಟ್ಟಿರಲಿಲ್ಲ. ಇನ್ನು ಸುರಪುರದ ಬೇಡರು ಚರಿತ್ರೆಯಲ್ಲಿ ಹೆಸರಾದದ್ದು ಮೊಲ ಹೊಡೆದು ಅಲ್ಲ. 1705ರಲ್ಲಿ ಮುದುಕ ಔರಂಗಜೇಬನೇ ದಂಡು ಕಟ್ಟಿಕೊಂಡು ವಾಗಣಗೇರಿ ಕೋಟೆಗೆ ಬಂದು ಕೂತದ್ದು ನಮ್ಮ ದೊರೆ ಪಿಡ್ಡನಾಯಕನ ಬಂದೂಕಿನವರಿಗಾಗಿ. ದೊರೆಗಳ ಕಾಲದಲ್ಲಿ ನಮ್ಮವರ ಹೊಟ್ಟೆಪಾಡು ದಂಡಿನ ಚಾಕರಿ, ಇನಾಮು ಭೂಮಿ. ಬೇಟೆ ಇತ್ತು, ಅದರ ಅಂಗಡಿ ಇರಲಿಲ್ಲ.

ಪಾಪದ ಮಾತು ಅಷ್ಟು ಸುಲಭವಲ್ಲ. ಆಶ್ವಯುಜ ಹುಣ್ಣಿಮೆಗೆ ನಾವು ವಾಲ್ಮೀಕಿ ಜಯಂತಿ ಮಾಡುತ್ತೇವೆ. ರತ್ನಾಕರನೆಂಬವನು ಕಾಡಿನಲ್ಲಿ ದಾರಿಹೋಕರನ್ನು ಕೊಂದು ಸುಲಿದು ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ, ನಾರದ ತಡೆದು ನಿಲ್ಲಿಸಿದ ಎಂಬ ಕಥೆ ಎಲ್ಲರಿಗೂ ಗೊತ್ತು. ನಮ್ಮವರಲ್ಲಿ ಅನೇಕರಿಗೆ ಇದು ಸೇರುವುದಿಲ್ಲ. ಆದಿಕವಿಯನ್ನು ದರೋಡೆಕೋರ ಮಾಡಿದವರು ಯಾರು ಎಂದು ಸಿಟ್ಟಾಗುತ್ತಾರೆ. ಸಿಟ್ಟು ನ್ಯಾಯದ್ದೇ, ವಾಲ್ಮೀಕಿ ರಾಮಾಯಣದಲ್ಲಿ ಈ ಕಥೆ ಇಲ್ಲ. ಆದರೂ ಕಥೆಯೊಳಗಿನ ಪ್ರಶ್ನೆಯನ್ನು ನಾನು ಬಿಟ್ಟುಕೊಡಲಾರೆ. ನಿನ್ನ ಗಳಿಕೆಯಲ್ಲಿ ಪಾಲು ತಿನ್ನುವವರು ನಿನ್ನ ಪಾಪದಲ್ಲೂ ಪಾಲು ತಗೊಳ್ಳುತ್ತಾರೇನು, ಮನೆಗೆ ಹೋಗಿ ಕೇಳಿ ಬಾ. ಅವನು ಕೇಳಿದ. ಮನೆಯವರು ಒಲ್ಲೆ ಅಂದರು.

ಈ ಪ್ರಶ್ನೆ ನನ್ನ ಕಸುಬಿನದ್ದು. 1932ರ ಪಾಲುದಾರಿಕೆ ಕಾಯ್ದೆಯ 25ನೇ ಕಲಮಿನ ಪ್ರಕಾರ ಫರ್ಮು ಮಾಡಿದ ಕೆಲಸಕ್ಕೆ ಪಾಲುದಾರರೆಲ್ಲ ಒಟ್ಟಾಗಿಯೂ ಜವಾಬುದಾರರು, ಒಬ್ಬೊಬ್ಬರಾಗಿಯೂ ಪೂರ್ತಿ ಜವಾಬುದಾರರು. ನಾಲ್ಕಾಣೆ ಪಾಲಿನವನು ನಾಲ್ಕಾಣೆ ಸಾಲಕ್ಕೆ ಮಾತ್ರ ನಾನು ಅನ್ನುವ ಹಾಗಿಲ್ಲ. ಹಾಗಾದರೆ ರತ್ನಾಕರನ ಹೆಂಡತಿ ಮಕ್ಕಳು ಯಾರು? ಅವರಿಗೂ ಒಂದು ಕಲಮಿದೆ, 30ನೆಯದು. ಅಪ್ರಾಪ್ತರನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು, ಸಾಲದವರು ಅವರ ಮೈಮೇಲೆ ಬರುವಂತಿಲ್ಲ. ಮಗು ಪ್ರಾಯಕ್ಕೆ ಬಂದು ಆರು ತಿಂಗಳೊಳಗೆ ಇರುತ್ತೇನೋ ಬಿಡುತ್ತೇನೋ ಹೇಳಬೇಕು, ಸುಮ್ಮನಿದ್ದರೆ ಪೂರ್ತಿ ಪಾಲುದಾರ. ಕಾಯ್ದೆ ಬರೆದವರು ಸುಮ್ಮನಿರುವವನನ್ನು ಬಿಟ್ಟಿಲ್ಲ, ನೋಡಿ.

ಹುಡುಗರ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿದೆ. ಗುಂಡು ಹೊಡೆಯುವವನು ಒಬ್ಬ. ಜೀಪಿನವನು ನಾನು ಬರೀ ಗಾಡಿ ಓಡಿಸಿದೆ ಅನ್ನುತ್ತಾನೆ. ರೈತ ದುಡ್ಡು ಕೊಟ್ಟು ಮನೆಯಲ್ಲಿ ಮಲಗಿರುತ್ತಾನೆ. ಧಾಬಾದವನಿಗೆ ಅದು ತೂಕದ ಮಾಲು. ಉಣ್ಣುವವನಿಗೆ ಖಾರದ ರುಚಿ. ಕಾಗದ ಬರೆದವನಿಗೆ ಬರವಣಿಗೆಯ ಕೂಲಿ. ಹಂದಿ ಸತ್ತದ್ದು ಖರೆ, ಕೊಂದವರು ಮಾತ್ರ ಸಿಗುವುದಿಲ್ಲ. ಬೇಟೆಯಲ್ಲಿ ಪಾಪ ಎಷ್ಟು ಎಂದು ಅಳೆಯಲು ನನ್ನ ಹತ್ತಿರ ತಕ್ಕಡಿ ಇಲ್ಲ. ಬೇಟೆ ವ್ಯಾಪಾರವಾದಾಗ ಆ ಪಾಪ ಯಾರ ಹೆಸರಿಗೂ ಖಾತೆಯಾಗದ ಹಾಗೆ ಚೂರುಚೂರಾಗುತ್ತದೆ ಎಂಬುದು ಮಾತ್ರ ಕಾಣುತ್ತದೆ. ನನ್ನ ತಕರಾರು ಅದರ ಮೇಲೆ.

ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಹೊಣೆ ಹಂಚಿ ಕರಗಿಸುವ ಇಂಥ ಅಚ್ಚುಕಟ್ಟಿನ ದೊಡ್ಡ ಉದಾಹರಣೆ. ಸುಮಾರು 1900ರಿಂದ 1999ರವರೆಗೆ ಸಾವಿರಾರು ಹುಲಿ ಚಿರತೆಗಳ ಚರ್ಮ ಹದ ಮಾಡಿ, ಗಾಜಿನ ಕಣ್ಣು ಕೂರಿಸಿ ಅರಮನೆಗಳಿಗೆ ಕಳಿಸಿತು. ಕೂಗು ಹಾಕಿ ಹುಲಿ ಎಬ್ಬಿಸಿದವರು ಹಳ್ಳಿಯವರು, ಗುಂಡು ರಾಜನದು, ಕಸಬುದಾರಿಕೆ ಕಾರ್ಖಾನೆಯದು. ಪ್ರತಿಯೊಬ್ಬರೂ ತಂತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದರು.

ಹುಡುಗ ಮಹಾಭಾರತ ತೆಗೆದ. ಧರ್ಮವ್ಯಾಧ ಮಾಂಸ ಮಾರಿಯೂ ಬ್ರಾಹ್ಮಣನಿಗೆ ಗುರುವಾಗಲಿಲ್ಲವೇ? ಆದ, ವನಪರ್ವದಲ್ಲಿ. ಆದರೆ ಆ ಮಿಥಿಲೆಯ ವ್ಯಾಧ ಕೌಶಿಕನಿಗೆ ಏನು ಹೇಳಿದ ಎಂಬುದನ್ನು ಪೂರ್ತಿ ಓದಬೇಕು. ಹಂದಿ, ಎಮ್ಮೆಯ ಮಾಂಸ ಮಾರುತ್ತೇನೆ, ಕೊಲ್ಲುವವನು ನಾನಲ್ಲ, ತಿನ್ನುವವನೂ ನಾನಲ್ಲ ಅನ್ನುತ್ತಾನೆ. ಇಷ್ಟರಲ್ಲೇ ನಿಲ್ಲಿಸಿದ್ದರೆ ಅವನನ್ನು ನಾನು ಗುರು ಎನ್ನುತ್ತಿರಲಿಲ್ಲ. ನಮ್ಮ ಕೋರ್ಟಿನ ಆವರಣದಲ್ಲಿ ಇಂಥ ಜವಾಬು ದಿನಾ ಕೇಳುತ್ತೇನೆ. ಅವನು ದೊಡ್ಡವನಾಗುವುದು ಮುಂದಿನ ಮಾತಿನಲ್ಲಿ. ನನ್ನ ಕೆಲಸ ಘೋರವಾದದ್ದು ಎಂದು ಒಪ್ಪಿಕೊಳ್ಳುತ್ತಾನೆ. ಆಮೇಲೆ ನೇಗಿಲು ಹೂಡುವವನೂ ನೆಲದೊಳಗಿನ ಅಸಂಖ್ಯ ಜೀವ ಕೊಲ್ಲುತ್ತಾನೆ, ಹಿಂಸೆ ಇಲ್ಲದೆ ಬದುಕಿದವನನ್ನು ತೋರಿಸು ಅನ್ನುತ್ತಾನೆ. ಹತ್ತಿಗೆ, ಭತ್ತಕ್ಕೆ ಔಷಧಿ ಹೊಡೆದು ಕೈತೊಳೆದು, ಬೇಡರ ಮನೆಯ ಮಾಂಸದ ವಾಸನೆಗೆ ಮೂಗು ಮುಚ್ಚುವವರು ಈ ಭಾಗವನ್ನು ಎರಡು ಸಲ ಓದಬೇಕು.

ಬೇಡರ ಕಣ್ಣಪ್ಪ ಬೇರೆ ತರಹದ ಮನುಷ್ಯ. 1954ರ ಸಿನಿಮಾದಿಂದಾಗಿ ನಮಗೆಲ್ಲ ಅವನ ಮುಖ ಅಂದರೆ ರಾಜಕುಮಾರರದ್ದು. ಕಾಳಹಸ್ತಿಯ ಶಿವನಿಗೆ ಅವನು ಕೊಟ್ಟ ಹಂದಿಯ ಮಾಂಸ ತಾನೇ ಹೊಡೆದದ್ದು, ತಾನೇ ಸುಟ್ಟದ್ದು, ಹದವಾಗಿದೆಯೇ ಎಂದು ತಾನೇ ಕಚ್ಚಿ ನೋಡಿದ್ದು. ಲಿಂಗದ ಕಣ್ಣಲ್ಲಿ ರಕ್ತ ಬಂದಾಗಲೂ ಕಿತ್ತದ್ದು ತನ್ನ ಕಣ್ಣನ್ನೇ. ಕೆಲಸದ ಯಾವ ಹಂತವನ್ನೂ ಅವನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಭಕ್ತಿಯ ಮಾತು ತಿಳಿದವರು ಹೇಳಲಿ. ಹೊಣೆಯ ಲೆಕ್ಕದಲ್ಲಿ ಇಷ್ಟು ಸ್ವಚ್ಛ ಖಾತೆ ನಾನು ಕಂಡಿಲ್ಲ.

ಲೆಕ್ಕ ಮುಚ್ಚಿಡದ ಇನ್ನೊಬ್ಬ ಅಶೋಕ. ಶಹಾಪುರದ ಕಡೆಯಿಂದ ಭೀಮಾ ದಾಟಿದರೆ ಸನ್ನತಿ. ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ನಾನು ಹೇಳಹೊರಟ ಲೆಕ್ಕ ಆ ಕಲ್ಲಿನಲ್ಲಿಲ್ಲ, ಅಲ್ಲಿರುವುದು ಬೇರೆ ಶಾಸನಗಳು. ಗಿರ್ನಾರ್ ಮುಂತಾದ ಕಡೆ ಇರುವ ಅವನ ಮೊದಲನೇ ಬಂಡೆ ಶಾಸನದಲ್ಲಿ ಒಂದು ಅಡುಗೆಮನೆಯ ಲೆಕ್ಕವಿದೆ. ಮೊದಲು ಅರಮನೆಯ ಅಡುಗೆಗೆ ದಿನಾ ಲಕ್ಷಗಟ್ಟಲೆ ಪ್ರಾಣಿ ಸಾಯುತ್ತಿದ್ದವು, ಈಗ ಮೂರು: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನಾ ಇಲ್ಲ, ಮುಂದೆ ಈ ಮೂರೂ ಇಲ್ಲ. ಧರ್ಮ ಸಾರುವ ಚಕ್ರವರ್ತಿ ತನ್ನ ತಾಟಿನಲ್ಲಿ ಇನ್ನೂ ಉಳಿದ ಎರಡು ನವಿಲುಗಳನ್ನು ಮುಚ್ಚಿಡದೆ ಕಲ್ಲಿಗೆ ಹಾಕಿಸಿದ. ಅಹಿಂಸೆಯ ಉಪದೇಶಕ್ಕಿಂತ ಈ ಲೆಕ್ಕ ನನಗೆ ಹೆಚ್ಚು ಹಿಡಿಸುತ್ತದೆ.

ನಮ್ಮೂರಿನ ಯುಗಾದಿ ಬೇಟೆಯಲ್ಲೂ ಪಾಲಿತ್ತು. ಹೊಡೆದವನಿಗೆ ತೊಡೆ, ಎಬ್ಬಿಸಿದವರಿಗೆ ಸಮಪಾಲು, ನಾಯಿಗೂ ಒಂದು ಪಾಲು, ಓಡಲಾಗದ ವಿಧವೆಯ ಮನೆಗೂ ಒಂದು. ವಿಧವೆಯೂ ಲಾಭಕ್ಕೆ ಮಾತ್ರ ಸೇರಿದ 30ನೇ ಕಲಮಿನವಳಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಮೊಲವನ್ನು ಅವಳ ಮನೆ ಮುಂದೆಯೇ ಸುಲಿಯುತ್ತಿದ್ದರು, ಯಾರು ಹೊಡೆದರೆಂಬುದು ಅವಳಿಗೆ ಗೊತ್ತಿರುತ್ತಿತ್ತು. ಅದನ್ನು ಮತ್ತೆ ಶುರುಮಾಡಿ ಅನ್ನುತ್ತಿಲ್ಲ. ಇವತ್ತು ಮೊಲವೂ ಕಾಯ್ದೆಯೊಳಗಿದೆ, ಇರಬೇಕಾದದ್ದೇ, ಗುಡ್ಡದಲ್ಲಿ ಮೊಲಗಳೇ ಕಡಿಮೆಯಾಗಿವೆ. ಈಗ ಕಾಲುವೆ ದಂಡೆಯ ಜಾಲಿಯಲ್ಲಿ ಕಾಣುವುದು ಬೈಕಿನ ಕ್ಲಚ್ ವೈರಿನ ಉರುಲು. ಗೂಟಕ್ಕೆ ಬಿಗಿದು, ಹಂದಿಯ ಕುತ್ತಿಗೆಯ ಎತ್ತರಕ್ಕೆ ಕುಣಿಕೆ ಬಿಟ್ಟಿರುತ್ತಾರೆ. ಹಂದಿ ಮುಂದಕ್ಕೆ ಜಗ್ಗಿದಷ್ಟೂ ತಂತಿ ಒಳಗಿಳಿಯುತ್ತದೆ. ಹಂದಿಗೆಂದು ಕಟ್ಟಿದ್ದರಲ್ಲಿ ನರಿ ಬೀಳುತ್ತದೆ, ಕುರಿಗಾರನ ನಾಯಿ ಬೀಳುತ್ತದೆ. ಕಟ್ಟಿದವನು ಆ ಹೊತ್ತಿಗೆ ಮನೆಯಲ್ಲಿ ನಿದ್ದೆಯಲ್ಲಿರುತ್ತಾನೆ. ಹುಡುಗರ ಫರ್ಮು ಜೀಪು, ಲೋಗೊ ಕಟ್ಟಿಕೊಂಡ ಇಂಥದೇ ಉರುಲು.

ಹುಡುಗರು ಒಪ್ಪಿದರೋ ಇಲ್ಲವೋ, ಪತ್ರವನ್ನಂತೂ ನಾನು ಬರೆಯಲಿಲ್ಲ. ಗದ್ದೆಗೆ ಹಂದಿ ನುಗ್ಗಿದ ರೈತರಿಗೆ ನನ್ನದೊಂದು ಮಾತು: ಉರುಲಿನವರಿಗೆ ದುಡ್ಡು ಕೊಡುವ ಮೊದಲು ಹಾಳಾದ ಬೆಳೆಯ ಫೋಟೊ ತೆಗೆದು, ಪಹಣಿ ಹಚ್ಚಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಆ ಅರ್ಜಿ ಬರೆದುಕೊಡಲು ನಾನು ಕೂಲಿ ತಗೊಳ್ಳುವುದಿಲ್ಲ.