ದೀಪ ಹಚ್ಚಿದ್ದು ಯಾರು?

ನಮ್ಮ ಸೀಮೆಯಲ್ಲಿ ಮುಸ್ಸಂಜೆ ಲೈಟು ಹಾಕಿದವರು ಬಲ್ಬಿಗೆ ಕೈಮುಗಿಯುತ್ತಾರೆ. ಸ್ವಿಚ್ಚಿನ ಮೇಲಿದ್ದ ಕೈ ಹಾಗೇ ಎದೆಗೆ ಬರುತ್ತದೆ. ಗುಬ್ಬಿ ಸೆಕ್ಷನ್ನಿನಲ್ಲಿ ಲೈನ್‌ಮ್ಯಾನ್ ಆಗಿದ್ದಾಗ ಇದನ್ನು ಊರೂರಲ್ಲೂ ಕಂಡಿದ್ದೇನೆ. ಭಾಗ್ಯಜ್ಯೋತಿ ಯೋಜನೆಯಲ್ಲಿ ಗುಡಿಸಲಿಗೆ ಒಂದೇ ಒಂದು ಬಲ್ಬು. ಅದು ಹತ್ತಿದ ಕೂಡಲೇ ಮನೆಯ ಮುದುಕಿ ಮೊದಲು ಬಲ್ಬಿಗೆ, ಆಮೇಲೆ ದೇವರ ಪಟಕ್ಕೆ, ಕೊನೆಗೆ ಏಣಿ ಹೊತ್ತು ಹೊರಟ ನನಗೂ ಕೈಮುಗಿಯುತ್ತಿದ್ದಳು. ನನಗೆ ಮುಗಿದದ್ದು ಹೆಚ್ಚಾಯಿತು, ಬಿಡಿ. ಎಣ್ಣೆ, ಬತ್ತಿ, ಬೆಂಕಿ ಯಾವುದೂ ಇಲ್ಲದ ಗಾಜಿನ ಬುರುಡೆಯನ್ನು ದೀಪವೆಂದು ಒಪ್ಪಿಕೊಳ್ಳಲು ನಮ್ಮ ಜನ ಯಾವ ಶಾಸ್ತ್ರಿಗಳ ಅಪ್ಪಣೆಗೂ ಕಾಯಲಿಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ನಮ್ಮ ಹಳ್ಳಿಗಳನ್ನು ಮುಟ್ಟಲು ಬಹಳ ಕಾಲ ಹಿಡಿಯಿತು. ಹಳ್ಳಿ ಮುಟ್ಟಿದ ಮೇಲೆ ದೇವರ ಮನೆ ಹೊಗಲು ಮಾತ್ರ ಒಂದು ಸಂಜೆ ಸಾಕಾಯಿತು.

ಹಾಗಾಗಿ, ಗೊತ್ತುಮಾಡಿದ ಹೊತ್ತಿಗೆ ತಾನಾಗಿ ದೀಪ ಹಚ್ಚುವ ಸ್ಮಾರ್ಟ್ ಪ್ಲಗ್ ವಿಚಾರದಲ್ಲಿ ನನ್ನ ತಕರಾರು ವಿದ್ಯುತ್ತಿನ ಮೇಲಲ್ಲ. ಯಂತ್ರದ ಮೇಲೂ ಅಲ್ಲ. ಕೆಇಬಿಗೆ ಸೇರಿ ಬೆಸ್ಕಾಂನಲ್ಲಿ ನಿವೃತ್ತನಾದವನು ನಾನು, ಜೀವಮಾನವಿಡೀ ಯಂತ್ರದ ಅನ್ನವನ್ನೇ ಉಂಡಿದ್ದೇನೆ.

ಗುಬ್ಬಿ, ಕುಣಿಗಲ್ ಕಡೆಯ ತೋಟದವರು ಈ ಪ್ಲಗ್ಗಿಗಿಂತ ಎಷ್ಟೋ ಮೊದಲೇ ಇದೇ ಕೆಲಸ ಮಾಡಿಕೊಂಡಿದ್ದರು. ತ್ರೀಫೇಸ್ ಕರೆಂಟು ರಾತ್ರಿ ಎರಡು ಗಂಟೆಗೆ ಬಂದರೆ ಅಡಕೆ ತೋಟದ ಕತ್ತಲೆಯಲ್ಲಿ ಬ್ಯಾಟರಿ ಹಿಡಿದು, ಹಾವಿಗೆ ಹೆದರುತ್ತ ಪಂಪ್‌ಹೌಸಿಗೆ ನಡೆಯಬೇಕಿತ್ತು. ಮೊದಲು ಆಟೋ ಸ್ಟಾರ್ಟರ್ ಬಂತು, ಆಮೇಲೆ ಮೊಬೈಲ್ ಸ್ಟಾರ್ಟರ್. ಹಾಸಿಗೆಯಲ್ಲೇ ಮಲಗಿ ಫೋನು ಮಾಡಿದರೆ ಬೋರ್‌ವೆಲ್ಲು ಓಡುತ್ತದೆ. ನಮ್ಮ ಇಲಾಖೆಗೆ ಆಟೋ ಸ್ಟಾರ್ಟರ್ ಕಂಡರೆ ಆಗದು, ಯಾಕೆಂದರೆ ಕರೆಂಟು ಬಂದ ಕ್ಷಣ ಎಲ್ಲರ ಮೋಟಾರೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಆದರೂ ಆ ರೈತನನ್ನು ಬೈಯಲು ನನಗೆ ಬಾಯಿ ಬಂದದ್ದಿಲ್ಲ. ಮೋಟಾರು ಯಾರ ಕೈಯಿಂದ ಶುರುವಾಯಿತೆಂದು ಅಡಕೆ ಮರ ಕೇಳುವುದಿಲ್ಲ.

ದೇವರು ಕೇಳುತ್ತಾನೆಯೆ?

ಈ ಪ್ರಶ್ನೆ ಎದ್ದದ್ದು ಕುಣಿಗಲ್‌ನಲ್ಲಿ, ನಮ್ಮಕ್ಕನ ಮನೆಯಲ್ಲಿ. ಭಾವ ಹೋದ ಮೇಲೆ ಅಕ್ಕ ಒಬ್ಬಳೇ ಇದ್ದಾಳೆ, ಮಗ ಬೆಂಗಳೂರಿನಲ್ಲಿ. ತಾಯಿಗೆ ಮಂಡಿ ನೋವು, ಎದ್ದು ಓಡಾಡುವುದು ಕಷ್ಟವೆಂದು ಅವನೇ ಬಂದು ಮೂರು ಕಡೆ ಪ್ಲಗ್ಗು ಹಾಕಿದ: ಗೀಸರಿಗೆ 16 ಆಂಪಿಯರಿನದು, ಜಗಲಿಯ ಲೈಟಿಗೆ ಮತ್ತು ದೇವರ ಮನೆಯ ಪುಟ್ಟ ಬಲ್ಬಿನ ದೀಪಕ್ಕೆ ಸಣ್ಣವು. ಒಳಗೆ ಒಂದು ರಿಲೇ, ವೈಫೈ ಹಿಡಿಯುವ ಒಂದು ಚಿಪ್ಪು, ಅಷ್ಟೇ. ರಿಲೇ ಟಕ್ ಎಂದಾಗ ನನಗೆ ಹಳೆಯ ಸ್ನೇಹಿತನ ದನಿ ಕೇಳಿದಂತಾಯಿತು. ಸಂಜೆ ಆರೂಕಾಲಿಗೆ ಜಗಲಿಯೂ ದೇವರ ಮನೆಯೂ ತಾವಾಗಿ ಬೆಳಗುತ್ತಿದ್ದವು. ಅಕ್ಕ ಮೊದಮೊದಲು ಬಂದವರಿಗೆಲ್ಲ ತೋರಿಸಿ ಹಿಗ್ಗಿದಳು.

ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಎರಡು ದಿನ ಹಾಸಿಗೆ ಬಿಟ್ಟು ಏಳಲಾಗಲಿಲ್ಲ, ಫೋನಿನ ಚಾರ್ಜೂ ಮುಗಿದಿತ್ತು. ಎದುರು ಮನೆಯ ಹೆಂಗಸು ಯಾವಾಗಲೂ ಸಂಜೆ ಅಕ್ಕನ ಜಗಲಿಯ ಕಡೆ ಒಮ್ಮೆ ನೋಡುವವಳು. ದೀಪ ಕಾಣದಿದ್ದರೆ ಬಂದು ಬಾಗಿಲು ಬಡಿಯುವುದು ಅವರಿಬ್ಬರ ನಡುವೆ ಯಾರೂ ಆಡದ ಒಪ್ಪಂದ. ಆ ಎರಡು ಸಂಜೆಯೂ ಅವಳು ನೋಡಿದಳು. ಲೈಟು ಉರಿಯುತ್ತಿತ್ತು. ಅಕ್ಕ ಚೆನ್ನಾಗಿದ್ದಾಳೆಂದು ಒಳಗೆ ಹೋದಳು. ಮೂರನೆಯ ದಿನ ಹಾಲಿನವನು ಬಾಗಿಲಲ್ಲೇ ಉಳಿದ ಹಾಲಿನ ಪ್ಯಾಕೆಟ್ಟುಗಳನ್ನು ಕಂಡು ಕೂಗಿದ ಮೇಲೆ ವಿಷಯ ತಿಳಿದದ್ದು.

ಚೇತರಿಸಿಕೊಂಡ ಮೇಲೆ ಅಕ್ಕ ಅಂದಳು: “ನಾನು ಬಿದ್ದಿದ್ರೂ ನನ್ನ ಮನೆ ದೀಪ ಉರೀತಿತ್ತಲ್ಲೋ! ನಾನು ಸತ್ತಿದ್ರೂ ಉರೀತಿತ್ತು. ಅದು ಯಾರ ದೀಪವೋ ಹಂಗಾದ್ರೆ?”

ಇದಕ್ಕೆ ಉತ್ತರ ಹುಡುಕುವಾಗ ನನಗೆ ಮೊದಲು ನೆನಪಾದದ್ದು ಧರ್ಮಗ್ರಂಥವಲ್ಲ, ನಮ್ಮ ಎಲ್‌ಸಿ. ಕಂಬ ಹತ್ತುವ ಮೊದಲು ಲೈನ್‌ಮ್ಯಾನ್ ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾನೆ. ಆಪರೇಟರು ಫೀಡರ್ ಆಫ್ ಮಾಡಿ ಬರೆದುಕೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡವನೇ ವಾಪಸ್ ಕೊಡಬೇಕು, ಅವನ ದನಿ ಕೇಳಿದ ಮೇಲೆಯೇ ಲೈನು ಚಾರ್ಜ್ ಆಗಬೇಕು. “ಅವನು ಇಳಿದಿರಬೇಕು” ಎಂದು ಬೇರೆಯವರು ಹೇಳಿದರೆ ಸಾಲದು. ಹೊತ್ತಾಯಿತೆಂದು ತಾನಾಗಿ ಹಾಕುವಂತೆಯೂ ಇಲ್ಲ. ನಮ್ಮ ಕಸುಬಿನಲ್ಲಿ ಸ್ವಿಚ್ಚು ಹಾಕುವುದೆಂದರೆ ‘ನಾನು ನೋಡಿದ್ದೇನೆ, ನಾನು ಹೊಣೆ’ ಎಂದು ಮಾತು ಕೊಡುವುದು. ಆ ಮಾತು ತಪ್ಪಿದಾಗಲೆಲ್ಲ ಕಂಬದ ಮೇಲಿದ್ದವರು ಸತ್ತಿದ್ದಾರೆ.

ಇಂಥ ಮಾತಿನ ಹಳೆಯ ಕಥೆಯೊಂದು ನಮ್ಮ ಸೀಮೆಯಲ್ಲೇ ಇದೆ. ತುಮಕೂರಿಗೆ ಹತ್ತಿರದ ಕೈದಾಳದಲ್ಲಿ 1150ರ ಸುಮಾರಿನ ಚೆನ್ನಕೇಶವ ದೇವಾಲಯವಿದೆ. ತಾನು ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷ ಕಂಡಾಗ ಕೊಟ್ಟ ಮಾತಿನಂತೆ ಬಲಗೈಯನ್ನೇ ಕಡಿದುಕೊಂಡ ಶಿಲ್ಪಿ ಜಕಣಾಚಾರಿಗೆ ಈ ದೇವರು ಕೈ ಮರಳಿ ಕೊಟ್ಟನೆಂದು ಐತಿಹ್ಯ. ಚರಿತ್ರೆಕಾರರು ಏನೇ ಅನ್ನಲಿ, ಕೆಲಸಕ್ಕೆ ಕೈಯನ್ನೇ ಒತ್ತೆ ಇಟ್ಟವನ ಕಥೆ ಲೈನ್‌ಮ್ಯಾನಿಗೆ ಬೇಗ ಅರ್ಥವಾಗುತ್ತದೆ.

ಅಕ್ಕನ ಮಗನ ವಾದವೂ ಬರಿಯ ಮೊಂಡು ವಾದವಲ್ಲ. “ಮಾವ, ಕಾಲ ಗೊತ್ತುಮಾಡಿ ಇಟ್ಟವನು ನಾನು. ತಾಯಿ ಮನೇಲಿ ದೀಪ ಹತ್ತಬೇಕು ಅಂತ ಆಸೆಪಟ್ಟವನು ನಾನು. ಹಂಗಾದ್ರೆ ಹಚ್ಚಿದ್ದು ನಾನೇ ಅಲ್ವಾ?” ಎಂದ. ಅವನ ಕಡೆಗೆ ದೊಡ್ಡ ಪರಂಪರೆಯೇ ಇದೆ. ನಂದಾದೀವಿಗೆಗೆ ದತ್ತಿ ಬಿಟ್ಟ ಶಾಸನಗಳು ಕರ್ನಾಟಕದ ತುಂಬ ಇವೆ. ಒಬ್ಬ ಭೂಮಿ ಕೊಡುತ್ತಾನೆ, ಇನ್ನೊಬ್ಬ ಗಾಣದ ಎಣ್ಣೆ ಬಿಡುತ್ತಾನೆ, ಮತ್ತೊಬ್ಬ ತುಪ್ಪಕ್ಕೆಂದು ಹಸು ಕೊಡುತ್ತಾನೆ. ಕೊಟ್ಟವನು ಸತ್ತ ಎಷ್ಟೋ ಕಾಲದ ಮೇಲೂ ಅವನ ಹೆಸರಿನ ದೀಪ ಉರಿಯಬೇಕು. ಇದು ಪ್ಲಗ್ಗಲ್ಲದೆ ಇನ್ನೇನು? ಆದರೆ ಆ ವ್ಯವಸ್ಥೆಯಲ್ಲಿ ದನ ಕಾಯುವವನು, ಗಾಣಿಗ, ಪೂಜಾರಿ, ಇಷ್ಟು ಜನ ಎದ್ದು ಬರದೆ ದೀಪ ಹತ್ತುತ್ತಿರಲಿಲ್ಲ. ಅದಕ್ಕೇ ಶಾಸನದ ಕೊನೆಗೆ ದತ್ತಿ ಅಳಿದವನಿಗೆ ಗಂಗೆಯ ತಡಿಯಲ್ಲಿ ಹಸು ಕೊಂದ ಪಾಪದ ಶಾಪ. ಪ್ಲಗ್ಗಿಗೆ ಶಾಪ ತಟ್ಟುವುದಿಲ್ಲ. ಸಿದ್ಧಗಂಗೆ ಮಠದಲ್ಲಿ ಅಟವಿ ಸ್ವಾಮಿಗಳು ದಾಸೋಹಕ್ಕೆ ಹಚ್ಚಿದ ಒಲೆ ಇನ್ನೂ ಆರಿಲ್ಲವೆಂದು ಭಕ್ತರು ಹೇಳುವಾಗಲೂ ನನ್ನ ಕಣ್ಣಿಗೆ ಬರುವುದು ಆ ಒಲೆಗೆ ಸೌದೆ ಒಟ್ಟಿದವರೇ.

ಇನ್ನು ನಮ್ಮ ಶರಣರ ಲೆಕ್ಕದಲ್ಲಿ ನೋಡಿದರೆ ಸೋದರಳಿಯನ ಜೊತೆಗೆ ಊರೆಲ್ಲ ಸಿಕ್ಕಿಬೀಳುತ್ತದೆ. ಊಟವನ್ನು ಬೇರೆಯವರ ಕೈಲಿ ಮಾಡಿಸಿ ನಮ್ಮ ಹೊಟ್ಟೆ ತುಂಬಿಸಿಕೊಳ್ಳಲಾಗದು, ಪೂಜೆಯೂ ಹಾಗೆಯೇ ಎಂಬುದು ಬಸವಣ್ಣನವರ ನಿಲುವು. ಲಿಂಗವನ್ನು ಅಂಗೈಗೆ ಕೊಟ್ಟದ್ದೇ ನಡುವಿನವರು ಬೇಡವೆಂದು. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಾಗಿರುವ ತೋಂಟದ ಸಿದ್ಧಲಿಂಗರು 701 ವಚನ ಬರೆದು ಆ ಶರಣಧರ್ಮವನ್ನೇ ಮತ್ತೆ ಬೆಳೆಸಿದರು. ಅದೇ ಎಡೆಯೂರಿಗೆ ಹೋಗಿ ಚೀಟಿ ಬರೆಸಿ, ಬೇರೆಯವರ ಕೈಲಿ ಪೂಜೆ ಮಾಡಿಸಿ ಬಸ್ಸು ಹತ್ತುವ ನಾವು ಪ್ಲಗ್ಗು ಕಂಡು ಹುಬ್ಬುಗಂಟಿಕ್ಕುವುದು ತಮಾಷೆಯೇ. ಪ್ಲಗ್ಗು ಕನಿಷ್ಠ ದಕ್ಷಿಣೆ ಕೇಳುವುದಿಲ್ಲ.

ಹಚ್ಚಿದ್ದು ಯಾರು ಎಂಬ ಈ ಪ್ರಶ್ನೆಯನ್ನು ತಿರುಗುಮುರುಗಾಗಿ ಕೇಳಿಕೊಂಡವರು ಯಹೂದಿಗಳು ಎಂದು ಓದಿದಾಗ ನನಗೆ ಬೆರಗಾಯಿತು. ಅವರ ಸಬ್ಬತ್ತಿನ ದಿನ, ಎಂದರೆ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿಯವರೆಗೆ, ಸಂಪ್ರದಾಯಸ್ಥರು ಸ್ವಿಚ್ಚು ಮುಟ್ಟುವಂತಿಲ್ಲ. ಅದಕ್ಕೆ ಮುಂಚೆಯೇ ಟೈಮರ್ ಇಟ್ಟುಬಿಡುತ್ತಾರೆ. ಹೊತ್ತಿಗೆ ಸರಿಯಾಗಿ ಲೈಟು ತಾನೇ ಹತ್ತುತ್ತದೆ, ಆರುತ್ತದೆ. ಹಚ್ಚಿದ್ದು ನಾನಲ್ಲ, ಆದ್ದರಿಂದ ದೋಷವಿಲ್ಲ. ನಮ್ಮ ಹುಡುಗ ಪುಣ್ಯಕ್ಕೋಸ್ಕರ ‘ನಾನೇ’ ಅನ್ನುತ್ತಾನೆ, ಅವರು ಪಾಪಕ್ಕೆ ಹೆದರಿ ‘ನಾನಲ್ಲ’ ಅನ್ನುತ್ತಾರೆ. ಯಂತ್ರ ಒಂದೇ. ನ್ಯೂಯಾರ್ಕಿನಲ್ಲಿದ್ದ ರಬ್ಬಿ ಮೋಶೆ ಫೈನ್‌ಸ್ಟೈನ್ (1895–1986) ಲೈಟಿಗೆ ಮಾತ್ರ ಟೈಮರ್ ಒಪ್ಪಿ, ಉಳಿದ ಕೆಲಸಗಳಿಗೆ ಬೇಡವೆಂದರು. ಬಿಟ್ಟರೆ ಮುಂಚಿತವಾಗಿ ಗುಂಡಿ ತಿರುಗಿಸಿಟ್ಟು ಆ ದಿನ ಕಾರ್ಖಾನೆಯನ್ನೇ ನಡೆಸಬಹುದು, ಆಗ ಆ ದಿನದ ಗೌರವಕ್ಕೆ ಏನು ಉಳಿಯಿತು ಎಂಬುದು ಅವರ ಕಾರಣ. ಗೆರೆ ಎಳೆದ ರೀತಿ ನನಗೆ ಹಿಡಿಸಿತು. ಹಚ್ಚಿದವರು ಯಾರು ಎನ್ನುವುದಷ್ಟನ್ನೇ ಅವರು ಹಿಡಿದು ಕೂರಲಿಲ್ಲ, ಯಂತ್ರಕ್ಕೆ ಬಿಟ್ಟದ್ದರಿಂದ ಏನು ಕಳೆಯಿತು ಎಂದೂ ನೋಡಿದರು.

ಅಕ್ಕನ ಮನೆಯಲ್ಲಿ ಕಳೆದದ್ದು ಕತ್ತಲೆ. ದೀಪ ಹಚ್ಚದ ಮನೆ ಕತ್ತಲಾಗಿಯೇ ಇರಬೇಕು, ಬೀದಿಗೂ ಕಾಣಬೇಕು, ದೇವರಿಗೂ ಕಾಣಬೇಕು. ಆರುವ ಅವಕಾಶವೇ ಇಲ್ಲದ ದೀಪ ಏನನ್ನೂ ಹೇಳುವುದಿಲ್ಲ. ಹೇಳಿದರೆ ಸುಳ್ಳು ಹೇಳುತ್ತದೆ, ನಮ್ಮಕ್ಕನ ಜ್ವರದಲ್ಲಿ ಹೇಳಿದಂತೆ. ಭಕ್ತಿಯ ವಿಷಯದಲ್ಲಿ ನನ್ನ ತಕರಾರು ಇಷ್ಟೇ: ತಪ್ಪಿಸಲು ಸಾಧ್ಯವಿದ್ದ ಸಂಜೆಯಲ್ಲಿ ತಪ್ಪಿಸದೆ ಹಚ್ಚಿದರೆ ಮಾತ್ರ ಅದು ಪೂಜೆ. ತಪ್ಪಿಸಿದ ಸಂಜೆಗಳು ಲೆಕ್ಕಕ್ಕೆ ಬರುತ್ತಿದ್ದರಷ್ಟೇ ಹಚ್ಚಿದ ಸಂಜೆಗಳಿಗೂ ಬೆಲೆ.

ಸೋದರಳಿಯ ಜಾಣ, ಪ್ಲಗ್ಗಿನಲ್ಲೇ ಪರಿಹಾರ ಹುಡುಕಿದ. ಅದರ ಮೈಮೇಲೆ ಒಂದು ಗುಂಡಿ ಇರುತ್ತದೆ. ಟೈಮು ತೆಗೆದುಬಿಟ್ಟು ಅಮ್ಮನೇ ಗುಂಡಿ ಒತ್ತಲಿ, ಒತ್ತಿದ್ದು ತನ್ನ ಫೋನಿಗೆ ತಿಳಿಯಲಿ, ಏಳು ಗಂಟೆಯಾದರೂ ತಿಳಿಯದಿದ್ದರೆ ಎದುರು ಮನೆಗೆ ಫೋನು ಮಾಡುತ್ತೇನೆ ಎಂದ. ಜಗಲಿ, ದೇವರ ಮನೆ ಎರಡಕ್ಕೂ ಹಾಗೇ ಮಾಡಲು ಹೊರಟ. ಅಕ್ಕ ದೇವರ ಮನೆಗೆ ಒಪ್ಪಲಿಲ್ಲ. “ಪೂಜೆ ಮಾಡಿದ್ದಕ್ಕೆ ನಿನ್ನ ಹತ್ರ ಹಾಜರಿ ಹಾಕಿಸ್ಕೊಳ್ಳಕ್ಕೆ ನಾನೇನು ಇಸ್ಕೂಲ್ ಹುಡುಗೀನೇನೋ?” ಎಂದಳು. ಆ ಪ್ಲಗ್ಗು ಈಗ ಹಜಾರದಲ್ಲಿ ಸೊಳ್ಳೆ ಔಷಧಿಯ ಯಂತ್ರಕ್ಕೆ ಕಾಲ ಹೇಳುತ್ತಿದೆ. ದೇವರ ಮನೆಯಲ್ಲಿ ಎಣ್ಣೆ ದೀಪ, ಮಂಡಿ ಕೇಳದ ದಿನ ಗೋಡೆಯ ಸ್ವಿಚ್ಚು.

ಜಗಲಿಯ ಬಗ್ಗೆ ಮಾತ್ರ ಅವನು ಒಂದು ಸಂಶಯ ಎತ್ತಿದ: “ಗುಂಡಿ ಒತ್ತಿದ್ದು ಅಮ್ಮನೇ ಅಂತ ಹೆಂಗೆ ಹೇಳೋದು ಮಾವ? ಕೆಲಸದವಳೂ ಒತ್ತಬಹುದಲ್ಲ?” ಎಲ್‌ಸಿಯ ನಿಯಮ ಹೇಳಿದೆ. ಮೆಸೇಜು ಬಂದರೂ ಫೋನು ಮಾಡು, ದನಿ ಕೇಳಿಸಿಕೋ ಎಂದೆ. ಮಾಡುತ್ತಿದ್ದಾನೆ. ವಾರದ ಎಲ್ಲ ದಿನವೂ ಅಲ್ಲ.