ಬಿಚ್ಚಿದ ಕಸೂತಿಯ ಬೆಲೆ

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಸಿರಿವಂತ ಹೆಂಗಸರ ನಿಲುವಂಗಿ ಬಹುಮಟ್ಟಿಗೆ ಮುಂಭಾಗದಲ್ಲಿ ತೆರೆದಿರುತ್ತಿತ್ತು. ಆ ತೆರಪನ್ನು ಮುಚ್ಚಲು, ಎದೆಯ ಮೇಲೆ ಅಗಲವಾಗಿ ನಡುವಿನ ಬಳಿ ಮೊನಚಾಗಿ ಇಳಿಯುವ ಮುಕ್ಕೋನದ ಪಟ್ಟಿಯೊಂದು ಬೇಕಾಗುತ್ತಿತ್ತು. ಇಂಗ್ಲಿಷರು ಅದನ್ನು ಸ್ಟಮಕರ್ ಎಂದರು. ಹೆಸರೇನೂ ಚೆಲುವಾದುದಲ್ಲ, ವಸ್ತು ಮಾತ್ರ ಬಲು ಚೆಲುವು. ಬಣ್ಣದ ರೇಷ್ಮೆಯ ಹೂಬಳ್ಳಿ, ನಡುನಡುವೆ ಬೆಳ್ಳಿಯ ಜರಿ, ಚಿನ್ನದ ಲೇಪವಿದ್ದ ಬೆಳ್ಳಿಯ ಜರಿ. ಇದನ್ನು ಅಂಗಿಗೆ ಹೊಲಿಯದೆ ಗುಂಡುಸೂಜಿಗಳಿಂದ ಸಿಕ್ಕಿಸುವುದೂ ಇತ್ತು. ಹಾಗಾಗಿ ಒಂದೇ ಪಟ್ಟಿ ಹಲವು ಅಂಗಿಗಳ ಮೇಲೆ ಮೆರೆಯಬಹುದಾಗಿತ್ತು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂಥವು ಉಳಿದಿವೆ.

ಉಳಿಯದೆ ಹೋದುವುಗಳ ಕಥೆ ಬೇರೆ. ಜರಿಯೆಂದರೆ ರೇಷ್ಮೆಯ ಎಳೆಗೆ ಸುತ್ತಿದ ತೆಳುವಾದ ಲೋಹದ ಪಟ್ಟಿ. ಅದನ್ನು ಬಟ್ಟೆಯೊಳಗೆ ತೂರಿಸಿದರೆ ಕೆಡುತ್ತದೆ. ಆದುದರಿಂದ ಮೇಲೆಯೇ ಹರಡಿ, ರೇಷ್ಮೆಯ ಸಣ್ಣ ಹೊಲಿಗೆಗಳಿಂದ ಹಿಡಿದು ನಿಲ್ಲಿಸುತ್ತಾರೆ. ಆ ಹೊಲಿಗೆಗಳನ್ನು ಕತ್ತರಿಸಿದರೆ ಸಾಕು, ವಾರಗಟ್ಟಲೆಯ ಕೆಲಸ ಗಳಿಗೆಯಲ್ಲಿ ಎದ್ದುಬರುತ್ತದೆ. 1770ರ ದಶಕದಲ್ಲಿ ಪ್ಯಾರಿಸಿನ ಕುಲೀನ ಸ್ತ್ರೀಯರಿಗೆ ಇದೇ ಒಂದು ವಿನೋದ. ದಿವಾನಖಾನೆಯಲ್ಲಿ ಹರಟುತ್ತ ಹಳೆಯ ಅಲಂಕಾರಗಳಿಂದ ಜರಿ ಬಿಡಿಸಿ ಮಾರುತ್ತಿದ್ದರು. ಪಾರ್ಫಿಲಾಜ್ ಎಂದು ಅದಕ್ಕೊಂದು ಹೆಸರೂ ಇತ್ತು. 1831ರಲ್ಲಿ ಬೆಲ್ಜಿಯಮ್ಮಿನ ದೊರೆಯಾದ ಲಿಯೋಪೋಲ್ಡನಿಗೂ ಈ ಗೀಳು ಹಿಡಿದಿತ್ತಂತೆ!

ಅವರು ಮಾಡಿದ್ದು ತಪ್ಪೆ? ವಸ್ತು ಅವರದು, ಹಣ ಕೊಟ್ಟು ಕೊಂಡದ್ದು. ಕಸೂತಿ ಹಾಕಿದವಳಿಗೂ ಕೂಲಿ ಸಂದಿದೆ. ಋಣ ತೀರಿತಲ್ಲ ಎನ್ನಬಹುದು. ಕಾನೂನು ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಕೂಲಿ ತೀರಿಸುವುದು ಆಕೆಯ ದಿನಗಳ ಲೆಕ್ಕವನ್ನು. ಕಣ್ಣು ಸೋಲಿಸಿ ಆಕೆ ಬಟ್ಟೆಯ ಮೇಲೆ ತಂದ ಆ ಬಳ್ಳಿಯನ್ನು ಹಾಳುಮಾಡುವ ಹಕ್ಕೂ ಅದರೊಡನೆ ಮಾರಾಟವಾಯಿತೆ? ನನಗೆ ಹಾಗೆ ತೋರುವುದಿಲ್ಲ. ಹದಿನೈದನೆಯ ಲೂಯಿಯ ಕಸೂತಿ ವಿನ್ಯಾಸಕಾರ ಸೇಂಟ್-ಓಬಿನ್ 1770ರಲ್ಲಿ ಈ ಕಲೆಯ ಮೇಲೆ ಪುಸ್ತಕ ಬರೆದ. ಅವನ ಹೆಸರು ಉಳಿಯಿತು. ಸೂಜಿ ಹಿಡಿದವರಲ್ಲಿ ಹೆಚ್ಚಿನವರಿಗೆ ಉಳಿದ ಗುರುತೆಂದರೆ ಆ ಹೊಲಿಗೆ ಮಾತ್ರ.

ಹಸಿವಿನ ಮಾತು ಬೇರೆ. ಮನೆಯಲ್ಲಿ ಅಕ್ಕಿ ಮುಗಿದಾಗ ಅಜ್ಜಿಯ ಧಾರೆಸೀರೆಯನ್ನು ಹಳೇ ಜರಿ ಕೊಳ್ಳುವವನ ತಕ್ಕಡಿಗೆ ಹಾಕಿದ ಸೊಸೆಯನ್ನು ಯಾರು ದೂರಿಯಾರು? ದಿವಾನಖಾನೆಯ ಆ ಹೆಂಗಸರಿಗೆ ಅಂಥ ಒತ್ತಡವೇನೂ ಇರಲಿಲ್ಲ. ಹೊತ್ತು ಹೋಗಬೇಕಾಗಿತ್ತು, ಅಷ್ಟೆ.

ಬರಿಯ ರೇಷ್ಮೆಯಲ್ಲಿ ಹೂ ಬಿಡಿಸಿದ ಪಟ್ಟಿಗಳನ್ನು ಅವರು ಮುಟ್ಟುವ ಕಾರಣವಿರಲಿಲ್ಲ. ಅವುಗಳಲ್ಲಿ ಅಕ್ಕಸಾಲಿಗೆ ಬೇಕಾದದ್ದು ಏನೂ ಇರಲಿಲ್ಲ.