ಎರಡನೇ ಮಗು ಯಾರಿಗಾಗಿ?

ನಮಗೆ ಒಬ್ಬನೇ ಮಗ. ಏಳು ವರ್ಷ, ಆಟಿಸಂ ಇದೆ. ಈ ಎರಡು ವಾಕ್ಯ ಹೇಳಿ ಮುಗಿಸೋ ಹೊತ್ತಿಗೆ ಎದುರಿಗಿರೋರು ಮೂರನೆಯದನ್ನ ಹೇಳಿಬಿಟ್ಟಿರ್ತಾರೆ: "ಇನ್ನೊಂದು ಮಾಡ್ಕೊಳ್ಳಿ. ನಾಳೆ ಇವನನ್ನ ನೋಡ್ಕೊಳ್ಳೋಕೆ ಒಬ್ರು ಬೇಕಲ್ವಾ?" ಊರಲ್ಲಿ ಅವ್ವ ಹೇಳ್ತಾಳೆ, ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಸಿಗೋ ಆಂಟಿ ಹೇಳ್ತಾರೆ, ಆಫೀಸಲ್ಲಿ ಜೊತೆಗೆ ಕಾಫಿ ಕುಡಿಯೋ ಗೆಳೆಯನೂ ಹೇಳ್ತಾನೆ. ಯಾರ ಮಾತಲ್ಲೂ ಕೆಟ್ಟ ಉದ್ದೇಶ ಇಲ್ಲ. ಆದರೂ ಪ್ರಶ್ನೆ ಉಳಿಯುತ್ತೆ. ಒಬ್ಬರನ್ನ ನೋಡ್ಕೊಳ್ಳೋಕೆ ಅಂತ ಇನ್ನೊಬ್ಬರನ್ನ ಹುಟ್ಟಿಸಬಹುದಾ?

ನೋಡ್ಕೊಳ್ಳೋದು ಅಂದ್ರೆ ಏನು ಅಂತ ಮೊದಲು ಹೇಳ್ತೀನಿ. ನಮ್ಮನೆ ಫ್ರಿಜ್ ಬಾಗಿಲ ಮೇಲೆ ಚಿತ್ರಗಳ ಒಂದು ಸಾಲಿದೆ: ಬ್ರಷ್, ಬಕೆಟ್, ತಟ್ಟೆ, ಶೂ, ವ್ಯಾನು. ಒಂದೊಂದು ಕೆಲಸ ಮುಗಿದಾಗಲೂ ಅವನು ಆ ಚಿತ್ರ ಕಿತ್ತು ಡಬ್ಬಿಗೆ ಹಾಕ್ತಾನೆ. ಸಾಲು ಅದಲುಬದಲಾದ್ರೆ ಆವತ್ತಿನ ಬೆಳಗ್ಗೆ ಮುಗೀತು ಅಂತಲೇ ಲೆಕ್ಕ. ಕುಕ್ಕರ್ ಕೂಗಿದ್ರೆ ಕಿವಿ ಮುಚ್ಕೊಂಡು ಕಿರುಚ್ತಾನೆ. ಹಾಗಾಗಿ ನಾನು ಅವನನ್ನ ಟೆರೇಸಿಗೆ ಕರ್ಕೊಂಡು ಹೋಗೋ ಇಪ್ಪತ್ತು ನಿಮಿಷದಲ್ಲೇ ಹೆಂಡತಿ ಬೇಳೆ ಬೇಯಿಸ್ಕೋಬೇಕು. ದೋಸೆ ಮಡಚಿರಬಾರದು, ಹರಿದಿರಬಾರದು. ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ, ಎರಡು ದಿನ ಆಕ್ಯುಪೇಷನಲ್ ಥೆರಪಿ. ಬೆಳಗಿನ ಸ್ಟ್ಯಾಂಡಪ್ ಕಾಲ್‌ನಲ್ಲಿ ನಾನು ಮ್ಯೂಟಲ್ಲಿರ್ತೀನಿ, ಒಂದು ಕೈಲಿ ಫೋನು, ಇನ್ನೊಂದು ಕೈಲಿ ಅವನ ಶೂ. ಖುಷಿ ಇಲ್ಲ ಅಂತಲ್ಲ. ನೀರು ಬೇಕಾದಾಗ ಲೋಟದ ಚಿತ್ರ ತಂದು ಕೊಡ್ತಿದ್ದವನು ಹೋದ ತಿಂಗಳು "ನೀ" ಅಂದ. ಆ ಒಂದಕ್ಷರಕ್ಕೆ ಮನೇಲಿ ಪಾಯಸ ಆಯ್ತು. ಅವನು ಮಾತ್ರ ಮುಟ್ಟಲಿಲ್ಲ.

ನನಗೀಗ 36. ಅವನಿಗೆ ನಲವತ್ತಾದಾಗ ನನಗೆ ಅರವತ್ತೊಂಬತ್ತು. ಅಲ್ಲಿಂದ ಮುಂದೆ ಯಾರು? ಥೆರಪಿ ಸೆಂಟರಿನ ಬೆಂಚಿನ ಮೇಲೆ ಕೂತು ಕಾಯೋ ಅಪ್ಪ ಅಮ್ಮಂದಿರ ಮಾತು ಎಲ್ಲೇ ಶುರುವಾದ್ರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೆ. "ಇನ್ನೊಂದು ಮಾಡ್ಕೊಳ್ಳಿ" ಅನ್ನೋದು ಈ ಭಯಕ್ಕೆ ಜನ ಕೊಡೋ ಅತ್ಯಂತ ಸುಲಭದ ಉತ್ತರ.

ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಹೇಳಿದ್ದರ ಸಾರ ಇಷ್ಟು: ಯಾವ ಮನುಷ್ಯನನ್ನೂ ಬರೀ ಸಾಧನವಾಗಿ ಬಳಸಬಾರದು, ಪ್ರತಿಯೊಬ್ಬನೂ ತಾನೇ ಒಂದು ಗುರಿ. ಇದನ್ನ ಓದಿದಾಗ ನನ್ನ ಪ್ರಶ್ನೆಗೆ ಉತ್ತರ ಸಿಕ್ತು ಅನ್ನಿಸ್ತು. ಆದರೆ ನಾನು ಬೆಳೆದದ್ದು ತುರುವೇಕೆರೆ ಕಡೆಯ ಹಳ್ಳೀಲಿ. ಅಲ್ಲಿ ಕಾರಣ ಇಲ್ಲದೆ ಹುಟ್ಟಿದ ಮಕ್ಕಳೇ ಕಮ್ಮಿ. ದುಡಿಮೆಗೆ ಕೈ ಬೇಕು, ಮುಪ್ಪಿಗೆ ಆಸರೆ ಬೇಕು, ಮನೆ ದೀಪ ಹಚ್ಚೋಕೆ ಒಬ್ಬ ಬೇಕು. ನಮ್ಮಪ್ಪನ ಲೆಕ್ಕ ಇನ್ನೂ ಸರಳ: ಒಬ್ಬ ತೋಟಕ್ಕೆ, ಒಬ್ಬ ಓದೋಕೆ. ನಾನು ಬಿಇ ಮಾಡಿ ಬೆಂಗಳೂರಿಗೆ ಬಂದೆ. ತೆಂಗಿನ ತೋಟ, ಹಸು, ಅಪ್ಪನ ಮಂಡಿನೋವು ಅಣ್ಣನ ಪಾಲಿಗೆ ಹೋದವು. ಅಣ್ಣನನ್ನ ಯಾರೂ ಕೇಳಲಿಲ್ಲ. ಹಾಗಂತ ಅಪ್ಪ ಅವನನ್ನ ಬರೀ ತೋಟದ ಆಳು ಅಂತ ಸಾಕಿದ್ರಾ? ಇಲ್ಲ. ಅವನಿಗೆ ಟೈಫಾಯ್ಡ್ ಬಂದಾಗ ಅಪ್ಪ ಮೂರು ರಾತ್ರಿ ಮಲಗಿರಲಿಲ್ಲ. ಹುಟ್ಟಿಸಿದ ಕಾರಣ ಬೇರೆ, ಸಾಕಿದ ರೀತಿ ಬೇರೆ. ಕಾಂಟ್ ಹೇಳಿದ್ರಲ್ಲಿ ತೂಕ ಇರೋದು ಆ "ಬರೀ" ಅನ್ನೋ ಪದಕ್ಕೆ.

ಹಾಗಾದ್ರೆ ತಪ್ಪೇನಿಲ್ವಾ? ಒಂದು ವ್ಯತ್ಯಾಸ ಇದೆ. ಅಣ್ಣ ಯಾವತ್ತಾದ್ರೂ "ತೋಟ ಗುತ್ತಿಗೆಗೆ ಕೊಟ್ಟು ನಾನೂ ಬೇರೆ ಕೆಲಸಕ್ಕೆ ಹೋಗ್ತೀನಿ" ಅಂದಿದ್ರೆ ಊರು ನಾಲ್ಕು ದಿನ ಆಡ್ಕೊಂಡು ಸುಮ್ಮನಾಗ್ತಿತ್ತು. ನಮ್ಮ ಎರಡನೇ ಮಗು ಮೂವತ್ತನೇ ವಯಸ್ಸಲ್ಲಿ "ನನ್ನ ಕೈಲಾಗಲ್ಲ" ಅಂದ್ರೆ? ಬೀದಿಗೆ ಬೀಳೋದು ಸ್ವಂತ ಅಣ್ಣ. ಮದುವೆ, ಕೆಲಸ, ಯಾವ ಊರಲ್ಲಿ ಇರಬೇಕು, ಎಲ್ಲಕ್ಕೂ ಈ ಒಂದು ಷರತ್ತು ಮೊದಲೇ ಅಂಟಿಕೊಂಡಿರುತ್ತೆ. ಆಗಲ್ಲ ಅನ್ನೋಕೆ ದಾರಿಯೇ ಇಲ್ಲದ ಕಡೆ ಪ್ರೀತಿ ಯಾವುದು, ಶಿಕ್ಷೆ ಯಾವುದು ಅಂತ ಆ ಮಗುವಿಗೂ ಗೊತ್ತಾಗಲ್ಲ.

ಅದಕ್ಕೇ ನನಗನ್ನಿಸೋದು, ಇನ್ನೊಂದು ಮಗು ಬೇಕಾ ಅನ್ನೋದಕ್ಕಿಂತ ಮೊದಲು ಕೇಳ್ಕೋಬೇಕಾದ್ದು ಬೇರೆ ಇದೆ. ಆ ಮಗು ಆಗಲ್ಲ ಅಂದ್ರೂ ದೊಡ್ಡವನ ಬದುಕು ನಡೆಯೋ ಹಾಗೆ ನಾವೇನು ಮಾಡಿಟ್ಟಿದ್ದೀವಿ? ದಾರಿಗಳು ಸ್ವಲ್ಪವಾದ್ರೂ ಇವೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ ಇರೋರಿಗೆ 18 ತುಂಬಿದ ಮೇಲೆ ಅಗತ್ಯ ಇದ್ರೆ ಜಿಲ್ಲೆಯ ಸ್ಥಳೀಯ ಸಮಿತಿ ಗಾರ್ಡಿಯನ್ ಒಬ್ಬರನ್ನ ನೇಮಿಸುತ್ತೆ. ಅವರು ಒಡಹುಟ್ಟಿದವರೇ ಆಗಿರಬೇಕು ಅಂತ ಅಲ್ಲೇನೂ ಇಲ್ಲ. ಅದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಆರೋಗ್ಯ ವಿಮೆ ಇದೆ. ಕಾನೂನು ಗುರುತಿಸೋ ವೈಕಲ್ಯಗಳು 1995ರ ಕಾಯ್ದೆಯಲ್ಲಿ 7 ಇದ್ದವು, 2016ರ ಕಾಯ್ದೆಯಲ್ಲಿ 21 ಆದವು, ಆಟಿಸಂ ಆ ಪಟ್ಟಿಗೆ ಸೇರಿದ್ದು ಆಗಲೇ. ಅವನ ಹೆಸರಲ್ಲಿ ಖಾಸಗಿ ಟ್ರಸ್ಟ್ ಮಾಡಿ ದುಡ್ಡು ಇಡಬಹುದು, ವಿಲ್ ಬರೆದಿಡಬಹುದು.

ಕಾಗದಕ್ಕೆ ದೋಸೆ ಮಡಚಬಾರದು ಅಂತ ಗೊತ್ತಿರಲ್ಲ, ನಿಜ. ವ್ಯವಸ್ಥೆ ಎಷ್ಟೇ ಗಟ್ಟಿ ಇದ್ರೂ ತಮ್ಮನೋ ತಂಗಿಯೋ ಬಂದು ಪಕ್ಕದಲ್ಲಿ ಕೂರೋದಕ್ಕೆ ಅದು ಸಮ ಆಗಲ್ಲ. ಆದರೆ ವ್ಯವಸ್ಥೆ ಇದ್ರೆ ಆ ಮಗು ಕಾವಲುಗಾರನಾಗದೆ ತಮ್ಮನಾಗೇ ಇರಬಹುದು. ಜಗಳ ಆಡಬಹುದು, ಹೊಟ್ಟೆಕಿಚ್ಚು ಪಡಬಹುದು, ದೂರದ ಊರಿಗೆ ಹೋಗಬಹುದು, ಬರಬೇಕು ಅನ್ನಿಸಿದಾಗ ಬರಬಹುದು. ಬರ್ತಾನೆ ಅಂತ ಆಸೆ ಇಟ್ಕೊಳ್ಳೋದು ತಪ್ಪಲ್ಲ. ಬರಲೇಬೇಕು ಅಂತ ಹುಟ್ಟೋಕೆ ಮುಂಚೆಯೇ ಬರೆದಿಡೋದು ತಪ್ಪು.

ಹೆಂಡತಿ ಇದನ್ನ ಇನ್ನೂ ನೇರವಾಗಿ ಕೇಳ್ತಾಳೆ: "ದೊಡ್ಡವನು ಚೆನ್ನಾಗಿ ಮಾತಾಡ್ತಾ ಇದ್ದಿದ್ರೆ ನಮಗೆ ಇನ್ನೊಂದು ಬೇಕಿತ್ತಾ? ಬೇಕಿತ್ತು ಅಂದ್ರೆ ಈಗಲೂ ಮಾಡ್ಕೊಳ್ಳೋಣ ಕಣ್ರೀ. ಇಲ್ಲ ಅಂದ್ರೆ ಈಗಲೂ ಬೇಡ." ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಕಂಡಿಲ್ಲ. ನಾವಿನ್ನೂ ತೀರ್ಮಾನ ಮಾಡಿಲ್ಲ. ಅಷ್ಟರಲ್ಲಿ ಒಂದು ನೋಟ್‌ಬುಕ್ ಶುರು ಮಾಡಿದ್ದೀವಿ. ದೋಸೆ, ಕುಕ್ಕರ್, ಚಿತ್ರಗಳ ಸಾಲು, ಭಯ ಆದಾಗ ಬೆನ್ನು ಹೇಗೆ ಒತ್ತಬೇಕು, ಎಲ್ಲ ಅದರಲ್ಲಿ ಬರೀತಿದ್ದೀವಿ. ಮುಂದೆ ಅವನ ಜೊತೆ ಇರೋರು ಯಾರೇ ಆಗಲಿ, ಓದ್ಕೊಳ್ಳಲಿ ಅಂತ.